ಆಟಿಸಂ ಮಕ್ಕಳ ಕೇಂದ್ರಕ್ಕೆ ದಾನಿಗಳು ಸೆನ್ಸರಿ ರೂಮ್ ಕೊಡ್ತೀವಿ ಅಂತಾರೆ, ಬೇಕಿರೋದು ಪಗಾರದ ದುಡ್ಡು. ಹೇಗೆ ಕೇಳೋದು?

ಕಾಲುವೆ ದಂಡೆ, ಗಂಗಾವತಿ (ಪ್ರಶ್ನೆ)

ಗಂಗಾವತಿಯಲ್ಲಿ ನಮ್ಮ ಸಂಘದ ಹಗಲು ಕೇಂದ್ರ ಇದೆ. 24 ಮಕ್ಕಳು, 3ರಿಂದ 14 ವರ್ಷದವರು. ಅರ್ಧದಷ್ಟು ಮಕ್ಕಳಿಗೆ ಆಟಿಸಂ, ನಾಲ್ವರಿಗೆ ಸೆರೆಬ್ರಲ್ ಪಾಲ್ಸಿ, ಉಳಿದವರಿಗೆ ಬೌದ್ಧಿಕ ಅಸಾಮರ್ಥ್ಯ. ಸೊಸೈಟಿ ನೋಂದಣಿಯಾಗಿ ನಾಲ್ಕು ವರ್ಷ. 12ಎಬಿ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ವಿನಾಯಿತಿ) ನೋಂದಣಿ ಎರಡೂ ಇವೆ, ಸಿಎಸ್‌ಆರ್-1 (ಕಂಪನಿಗಳ ಸಾಮಾಜಿಕ ಹೊಣೆಯ ಹಣ, ಅಂದರೆ ಸಿಎಸ್‌ಆರ್, ಪಡೆಯಲು ಬೇಕಾದ ನೋಂದಣಿ) ಇನ್ನೂ ಮಾಡಿಸಿಲ್ಲ. ವಿಶೇಷ ಶಿಕ್ಷಕಿಯರು ಮೂವರು. ಸ್ಪೀಚ್ ಥೆರಪಿಸ್ಟ್ ಬಳ್ಳಾರಿಯಿಂದ ವಾರಕ್ಕೊಮ್ಮೆ ಬರುತ್ತಾರೆ.

ಈಗ ಮೂವರು ರೈಸ್ ಮಿಲ್ ಮಾಲೀಕರು ಸೇರಿ ₹6 ಲಕ್ಷ ಕೊಡಲು ಮುಂದೆ ಬಂದಿದ್ದಾರೆ. ಅವರ ಮನಸ್ಸಿನಲ್ಲಿರೋದು ಸೆನ್ಸರಿ ರೂಮ್ (ಬೆಳಕು, ಶಬ್ದ, ಸ್ಪರ್ಶದ ಸಾಮಾನಿಟ್ಟು ಮಗುವನ್ನು ಸಮಾಧಾನ ಮಾಡುವ ಕೋಣೆ), ಇಲ್ಲವೇ ಒಂದು ವ್ಯಾನ್. ಬಣ್ಣದ ದೀಪ, ಗುಳ್ಳೆ ಏಳುವ ಕಂಬ ಇರೋ ಕೋಣೆಯ ಫೋಟೋ ಎಲ್ಲೋ ನೋಡಿದ್ದಾರೆ. ನಮಗೆ ಕೊರತೆ ಇರೋದು ಶಿಕ್ಷಕಿಯರ ಪಗಾರಕ್ಕೆ. ನನ್ನ ಪ್ರಶ್ನೆ ಮೂರು. ಒಂದು, ಸೆನ್ಸರಿ ರೂಮಿಗೆ ಅಷ್ಟು ಹಣ ಹಾಕಬೇಕಾ? ಎರಡು, ಮಿಲ್ಲಿನವರಿಗೆ ರಸೀದಿ, ತೆರಿಗೆ ವಿನಾಯಿತಿ ಸರಿಯಾಗಿ ಸಿಗಬೇಕಾದರೆ ಹಣ ಯಾವ ರೀತಿ ಬರಬೇಕು? ಮೂರು, ತೋರಣಗಲ್ಲು, ಗಿಣಿಗೇರಾ ಕಡೆಯ ಕಾರ್ಖಾನೆಗಳ ಸಿಎಸ್‌ಆರ್ ಹಣ ಪಗಾರಕ್ಕೆ ಸಿಗುತ್ತಾ? ಸಿಎಸ್‌ಆರ್‌ನಲ್ಲಿ ಪಗಾರ ಕೇಳಂಗಿಲ್ಲ ಅಂತ ಒಬ್ಬರು ಹೇಳಿದರು.

ಚಿತ್ರಪಟ, ಬಳ್ಳಾರಿ

ಮೊದಲನೇ ಪ್ರಶ್ನೆಗೆ ಉತ್ತರ: ₹6 ಲಕ್ಷ ಒಂದು ಕೋಣೆಗೆ ಹಾಕಬೇಡಿ.

ಆಟಿಸಂ ಇರುವ ಮಗುವಿಗೆ ಫಲ ಸಿಗೋದು ಅದರ ಜೊತೆ ದಿನಾ ಕೂತು ಕೆಲಸ ಮಾಡುವ ಮನುಷ್ಯರಿಂದ. 2021ರಲ್ಲಿ ಸುಪ್ರೀಂ ಕೋರ್ಟು ವಿಶೇಷ ಶಿಕ್ಷಕರ ಬಗ್ಗೆ ತೀರ್ಪು ಕೊಟ್ಟಾಗ ಆಟಿಸಂ, ಬೌದ್ಧಿಕ ಅಸಾಮರ್ಥ್ಯ ಇರುವ ಐದು ಮಕ್ಕಳಿಗೆ ಒಬ್ಬ ಶಿಕ್ಷಕರು, ಸೆರೆಬ್ರಲ್ ಪಾಲ್ಸಿ ಇದ್ದರೆ ಎಂಟಕ್ಕೆ ಒಬ್ಬರು ಅನ್ನೋ ಅನುಪಾತ ಹೇಳಿತ್ತು. ಅದು ಶಾಲೆಗಳಿಗೆ ಹೇಳಿದ್ದು, ಆದರೆ ನಿಮ್ಮ ಲೆಕ್ಕಕ್ಕೂ ಅದೇ ಅಳತೆಗೋಲು. 24 ಮಕ್ಕಳಿಗೆ ಐವರು ಬೇಕು, ಇರೋದು ಮೂವರು. ಈ ಕೊರತೆಯನ್ನು ಯಾವ ದೀಪವೂ ತುಂಬಲ್ಲ.

ಗುಳ್ಳೆ ಕಂಬದ ವಿಷಯಕ್ಕೆ ಬನ್ನಿ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರು ಹಾಕಿದರೆ ಕೆಲವೇ ತಿಂಗಳಲ್ಲಿ ಒಳಗಡೆ ಬಿಳಿ ಪೊರೆ ಕಟ್ಟುತ್ತೆ, ಆಮೇಲೆ ಗುಳ್ಳೆಯೂ ಕಾಣಲ್ಲ, ಬಣ್ಣವೂ ಕಾಣಲ್ಲ. ಪಂಪು ಕೆಟ್ಟರೆ ರಿಪೇರಿ ಮಾಡೋರು ಊರಲ್ಲಿ ಸಿಗಲ್ಲ. ಇನ್ನು ಕತ್ತಲೆ ಮಾಡಲು ಕಿಟಕಿ ಮುಚ್ಚಿದ ಕೋಣೆ ಏಪ್ರಿಲ್, ಮೇ ತಿಂಗಳಲ್ಲಿ ಏನಾಗುತ್ತೆ ಅಂತ ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಹೇಳಬೇಕಾಗಿಲ್ಲ. ಕರೆಂಟ್ ಹೋದ ಹತ್ತು ನಿಮಿಷಕ್ಕೆ ಮಗು ಬೆವತು, ಕಿರಿಕಿರಿಯಾಗಿ, ಬಾಗಿಲು ಬಡಿಯುತ್ತೆ. ಸಮಾಧಾನಕ್ಕೆ ಅಂತ ಕಟ್ಟಿದ ಕೋಣೆಗೇ ಮಗು ಹೆದರುತ್ತೆ.

ಹಾಗಂತ ಸೆನ್ಸರಿ ಸಾಮಾನು ಬೇಡ ಅಂತಲ್ಲ. ಮೂರು ನಾಲ್ಕು ವಸ್ತು ನಿಜಕ್ಕೂ ಉಪಯೋಗ, ಅವನ್ನು ಊರಲ್ಲೇ ಮಾಡಿಸಬಹುದು. ಹಲಗೆ ತೂಗುಯ್ಯಾಲೆ: 18 ಎಂಎಂ ಪ್ಲೈವುಡ್, ಎರಡೂವರೆ ಅಡಿ ಅಗಲ, ಮೂರು ಅಡಿ ಉದ್ದ, ಮೇಲೆ ಫೋಮ್ ಹಾಕಿ ರೆಕ್ಸಿನ್ ಹೊದಿಸಬೇಕು. ನಾಲ್ಕು ಮೂಲೆಗೆ 10 ಎಂಎಂ ಐ-ಬೋಲ್ಟ್ (ತಲೆಯಲ್ಲಿ ಬಳೆ ಇರುವ ಬೋಲ್ಟು) ಹಾಕಿ, ಅಡಿಗೆ ಅಗಲ ವಾಷರ್ ಕೊಟ್ಟು ನಟ್ ಬಿಗಿಯಬೇಕು. ವಾಷರ್ ಬಿಟ್ಟರೆ ಬೋಲ್ಟು ಪ್ಲೈವುಡ್ ಸೀಳಿಕೊಂಡು ಮೇಲೆ ಬರುತ್ತೆ. 12 ಎಂಎಂ ನೈಲಾನ್ ಹಗ್ಗ, ಕೆಳಗೆ ದಪ್ಪ ಗಾದಿ.

ತಪ್ಪಾಗೋದು ಉಯ್ಯಾಲೆಯಲ್ಲಲ್ಲ, ಅದನ್ನು ನೇತು ಹಾಕುವ ಜಾಗದಲ್ಲಿ. ಫ್ಯಾನಿನ ಕೊಕ್ಕೆಗೆ ಕಟ್ಟಿಬಿಡುತ್ತಾರೆ. ಅದು ಅಲ್ಲಾಡದ ಫ್ಯಾನಿನ ಭಾರಕ್ಕೆ ಇಟ್ಟಿದ್ದು. ತೂಗುವ ಮಗು ಎಳೆಯುವ ಬಲ ಮಗುವಿನ ತೂಕಕ್ಕಿಂತ ಎಷ್ಟೋ ಜಾಸ್ತಿ. ಹಳೇ ಮನೆ ಬಾಡಿಗೆಗೆ ಹಿಡಿದಿದ್ದರೆ ಇನ್ನೂ ಎಚ್ಚರ. ನಮ್ಮ ಭಾಗದ ಚಪ್ಪಡಿ ಕಲ್ಲಿನ ಮಾಳಿಗೆಯಲ್ಲಿ ಕೊಕ್ಕೆ ನಿಂತಿರೋದು ಎರಡು ಕಲ್ಲಿನ ಸಂದಿಯ ಗಾರೆಯಲ್ಲಿ. ಅದರ ಬದಲು ಎರಡು ಇಂಚಿನ ಜಿಐ ಪೈಪಿನಲ್ಲಿ ಎ ಆಕಾರದ ಸ್ಟ್ಯಾಂಡ್ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ, ಕಾಲುಗಳನ್ನು ಒಂದೂವರೆ ಅಡಿ ಕಾಂಕ್ರೀಟಿನಲ್ಲಿ ಕೂರಿಸಿ. ನೆರಳಿರುವ ಅಂಗಳವೇ ಒಳ್ಳೇದು, ಗಾಳಿ ಆಡುತ್ತೆ. ಮಗು ಹತ್ತುವ ಮುಂಚೆ ಇಬ್ಬರು ದೊಡ್ಡವರು ಕೂತು ತೂಗಿ ನೋಡಲಿ. ತಿಂಗಳಿಗೊಮ್ಮೆ ಹಗ್ಗದ ಗಂಟು, ಬೋಲ್ಟು ನೋಡಿ ದಿನಾಂಕ ಬರೆದಿಡಿ.

ಇದರ ಜೊತೆ ಒಂದು ಟ್ರ್ಯಾಂಪೋಲಿನ್, ಜೋಳ, ಹೆಸರುಕಾಳು ತುಂಬಿದ ಅಗಲ ಬುಟ್ಟಿಗಳು (ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ಮಕ್ಕಳಿದ್ದರೆ ಕಾಳು ಬೇಡ, ಬಟ್ಟೆ ತುಂಡು ಇಡಿ), ಗದ್ದಲ ತಡೆಯುವ ಕಿವಿಮುಚ್ಚುಗೆ ನಾಲ್ಕು. ಎಲ್ಲಾ ಸೇರಿ ₹60,000 ಒಳಗೆ ಮುಗಿಸಬಹುದು.

ಚಿತ್ರಪಟಗಳ ಬಗ್ಗೆಯೂ ಒಂದು ಮಾತು. ಮಾತು ಬಾರದ ಮಗು ತೋರಿಸಿ ಕೇಳಲು ಬಳಸುವ ಕಾರ್ಡುಗಳನ್ನು ರೆಡಿಮೇಡ್ ತರಿಸಿದರೆ ಅದರಲ್ಲಿ ಪಿಜ್ಜಾ, ಸ್ಯಾಂಡ್‌ವಿಚ್, ಹಿಮದ ಗೊಂಬೆ ಇರುತ್ತವೆ. ಮಗು ಕೇಳಬೇಕಿರೋದು ರೊಟ್ಟಿ, ಮಂಡಾಳ ಒಗ್ಗರಣೆ, ಮಿರ್ಚಿ, ತಂಬಿಗೆ ನೀರು, ಅಜ್ಜಿ ಮನೆ. ಮಗುವಿನ ಮನೆಯ ಅದೇ ತಟ್ಟೆ, ಅದೇ ತಂಬಿಗೆಯ ಫೋಟೋ ತೆಗೆದು, ಎರಡು ಇಂಚು ಚೌಕಕ್ಕೆ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿ, ಹಿಂದೆ ವೆಲ್ಕ್ರೋ ಅಂಟಿಸಿ. ಒಂದು ಮಗುವಿಗೆ ಮೊದಲಿಗೆ 20 ಕಾರ್ಡು ಸಾಕು. ಎರಡು ಸೆಟ್ ಮಾಡಿ, ಒಂದು ಮನೆಗೆ. ಕೇಂದ್ರದಲ್ಲಿ ಮಾತ್ರ ಇದ್ದರೆ ಮಗು ಮನೆಯಲ್ಲಿ ಅತ್ತುಕೊಂಡೇ ಕೇಳುತ್ತೆ. ಇದಕ್ಕೆಲ್ಲ ಆಗೋದು ಕೆಲವು ನೂರು ರೂಪಾಯಿ, ಆದರೆ ಇದನ್ನು ದಿನಕ್ಕೆ ಮೂವತ್ತು ಸಲ ಮಗುವಿನ ಕೈಯಲ್ಲಿ ಮಾಡಿಸೋ ಶಿಕ್ಷಕಿಗೆ ಪಗಾರ ಬೇಕು. ಮಿಲ್ಲಿನವರಿಗೆ ಇದನ್ನೇ ಕೂರಿಸಿ ತೋರಿಸಿ.

ತಿಂಗಳ ಖರ್ಚಿನ ಮಾದರಿ ಒಂದು ಕೊಡ್ತೀನಿ, ನಿಮ್ಮ ಅಂಕಿ ಹಾಕಿ ತಿದ್ದಿಕೊಳ್ಳಿ. ವಿಶೇಷ ಶಿಕ್ಷಕಿಯರು ಐವರು, ತಲಾ ₹18,000, ಒಟ್ಟು ₹90,000. ಸ್ಪೀಚ್ ಥೆರಪಿಸ್ಟ್ ತಿಂಗಳಿಗೆ 8 ದಿನ, ದಿನಕ್ಕೆ ₹2,500, ₹20,000. ಆಕ್ಯುಪೇಷನಲ್ ಅಥವಾ ಫಿಸಿಯೋಥೆರಪಿಸ್ಟ್ ಅದೇ ಲೆಕ್ಕ, ₹20,000. ಆಯಾ ಇಬ್ಬರು, ₹18,000. ವಾಹನ, ಡ್ರೈವರ್, ಡೀಸೆಲ್ ₹28,000. ಬಾಡಿಗೆ, ಕರೆಂಟು ₹16,000. ಕಲಿಕಾ ಸಾಮಗ್ರಿ ₹5,000. ಆಡಿಟ್, ಫೋನು, ಇತರೆ ₹4,000. ಒಟ್ಟು ₹2,01,000. ಒಂದು ಮಗುವಿಗೆ ತಿಂಗಳಿಗೆ ₹8,375. ದಾನಿಯ ಮುಂದೆ ಇಡಬೇಕಾದ ಅಂಕಿ ಇದೇ. ಇನ್ನೊಂದು, ₹6 ಲಕ್ಷ ಅಂದರೆ ಒಬ್ಬ ಶಿಕ್ಷಕಿಗೆ ಎರಡು ಮುಕ್ಕಾಲು ವರ್ಷದ ಪಗಾರ. ಕೋಣೆ ಕಟ್ಟಿಸಿದರೆ ಆ ಕೋಣೆಯಲ್ಲಿ ಮಗುವಿನ ಜೊತೆ ಕೂರೋರು ಯಾರು ಅಂತ ಅವರೇ ಕೇಳುವ ಹಾಗೆ ಮಾತಾಡಿ.

ಹೊಸ ಶಿಕ್ಷಕಿ ತಗೊಳ್ಳುವಾಗ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ, ಅದರ ನವೀಕರಣದ ದಿನಾಂಕ ಎರಡೂ ನೋಡಿ. ಮುಂದೆ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಿದಾಗ ಮೊದಲು ಕೇಳೋದೇ ಇದನ್ನು.

ಖಾತೆ ಪುಸ್ತಕ, ರಾಯಚೂರು

ಎರಡನೇ ಪ್ರಶ್ನೆಗೆ ನಾನು. ಮೊದಲೇ ಹೇಳಿಬಿಡ್ತೀನಿ: 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿ, ಕಲಂ ಮತ್ತು ನಮೂನೆಗಳ ಸಂಖ್ಯೆ ಬದಲು. ಎಲ್ಲರ ಬಾಯಲ್ಲಿರೋ ಹಳೇ ಹೆಸರುಗಳಲ್ಲೇ ಬರೀತಿದ್ದೀನಿ, ಫೈಲ್ ಮಾಡುವಾಗ ನಿಮ್ಮ ಆಡಿಟರ್ ಹೊಸ ಸಂಖ್ಯೆ ಹಾಕಲಿ.

ವಸ್ತು ರೂಪದ ದಾನಕ್ಕೆ 80ಜಿ ಇಲ್ಲ. ಮಿಲ್ಲಿನವರು ತಾವೇ ವ್ಯಾನ್ ಖರೀದಿಸಿ ಕೀಲಿ ಕೊಟ್ಟರೆ, ಅಕ್ಕಿ ಮೂಟೆ ಕಳಿಸಿದರೆ, ಆಟಿಕೆ ತಂದರೆ ಅವರಿಗೆ ವಿನಾಯಿತಿ ಸಿಗಲ್ಲ. ಅದೇ ಹಣ ಸಂಘದ ಖಾತೆಗೆ ಬಂದು ಸಂಘವೇ ಖರೀದಿಸಿದರೆ ಸಿಗುತ್ತೆ. ನಗದು ₹2,000 ದಾಟಿದರೆ ವಿನಾಯಿತಿ ಇಲ್ಲ, ಆದ್ದರಿಂದ ಚೆಕ್, ಆರ್‌ಟಿಜಿಎಸ್, ಯುಪಿಐ.

ಇನ್ನೊಂದು ವಿಷಯ ನಮ್ಮ ಕಡೆ ಬಹಳ ಜನ ಗಮನಿಸಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ವ್ಯಕ್ತಿಗೆ 80ಜಿ ಕಳೆಯೋ ಅವಕಾಶ ಇಲ್ಲ. ಮಿಲ್ಲಿನ ಮಾಲೀಕರು ತಮ್ಮ ಸ್ವಂತ ಉಳಿತಾಯ ಖಾತೆಯಿಂದ ಕೊಟ್ಟು, ರಿಟರ್ನ್ ಹೊಸ ಪದ್ಧತಿಯಲ್ಲಿ ಹಾಕಿದರೆ ರಸೀದಿ ಇದ್ದೂ ಪ್ರಯೋಜನ ಇಲ್ಲ. ಆದರೆ ರೈಸ್ ಮಿಲ್ಲುಗಳು ಹೆಚ್ಚಾಗಿ ಪಾಲುದಾರಿಕೆ ಫರ್ಮುಗಳು, ಫರ್ಮಿಗೆ ಆ ಹೊಸ ಪದ್ಧತಿಯ ಆಯ್ಕೆ ಅನ್ವಯಿಸಲ್ಲ, 80ಜಿ ಸಿಗುತ್ತೆ. ಹಾಗಾಗಿ ಹಣ ಫರ್ಮಿನ ಖಾತೆಯಿಂದ, ಫರ್ಮಿನ ಪ್ಯಾನ್ ಮೇಲೆ ಬರಲಿ, ರಸೀದಿ ಫರ್ಮಿನ ಹೆಸರಿಗೆ. ಕಳೆಯೋದು ಕೊಟ್ಟ ಹಣದ ಶೇ 50, ಅದೂ ಒಟ್ಟು ಆದಾಯದ ಶೇ 10ರ ಮಿತಿಯೊಳಗೆ. ಪೂರ್ತಿ ತೆರಿಗೆ ಉಳಿಯುತ್ತೆ ಅಂತ ಯಾರಿಗೂ ಮಾತು ಕೊಡಬೇಡಿ.

ರಸೀದಿ ಬರೆದು ಕೊಟ್ಟರೆ ಮುಗೀತು ಅನ್ನೋ ಕಾಲ ಹೋಯ್ತು. ವರ್ಷ ಮುಗಿದ ಮೇಲೆ ಮೇ 31ರೊಳಗೆ ನಮೂನೆ 10ಬಿಡಿಯಲ್ಲಿ ಪ್ರತಿ ದಾನಿಯ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್, ಮೊತ್ತ ತುಂಬಬೇಕು. ಅದಾದ ಮೇಲೆ ಪೋರ್ಟಲ್‌ನಿಂದ 10ಬಿಇ ಪ್ರಮಾಣಪತ್ರ ಇಳಿಸಿ ದಾನಿಗೆ ಕೊಡಬೇಕು. ಇದು ಇಲ್ಲದೆ ದಾನಿ ಕೇಳಿದ ವಿನಾಯಿತಿ ತಿರಸ್ಕಾರ ಆಗುತ್ತೆ. ತಡವಾದರೆ ದಿನಕ್ಕೆ ₹200 ಶುಲ್ಕ ಸಂಘದ ಮೇಲೆ. ಎಲ್ಲಕ್ಕಿಂತ ಹೆಚ್ಚು ಕೈಕೊಡೋದು ಪ್ಯಾನ್. ಹಣ ಬಂದ ದಿನವೇ ಕೇಳಿ ಬರೆದುಕೊಳ್ಳಿ. ಮೇ ತಿಂಗಳಲ್ಲಿ ಫೋನ್ ಮಾಡಿದರೆ ಅರ್ಧ ಜನ ಎತ್ತಲ್ಲ.

ಜಾತ್ರೆಯಲ್ಲಿ, ಅಂಗಡಿ ಮುಂದೆ ಡಬ್ಬಿ ಇಟ್ಟು ಸಂಗ್ರಹಿಸೋದಿದ್ದರೆ: ಹೆಸರು ವಿಳಾಸ ಇಲ್ಲದ ದಾನ ವರ್ಷಕ್ಕೆ ₹1 ಲಕ್ಷ ಅಥವಾ ಒಟ್ಟು ದಾನದ ಶೇ 5, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ದಾಟಿದ ಭಾಗಕ್ಕೆ ಶೇ 30 ತೆರಿಗೆ. ಡಬ್ಬಿ ಇಬ್ಬರ ಎದುರು ತೆರೆದು, ಎಣಿಸಿ, ಇಬ್ಬರ ಸಹಿ ಹಾಕಿಸಿ, ಮರುದಿನವೇ ಬ್ಯಾಂಕಿಗೆ ಕಟ್ಟಿ.

ಮೂಲನಿಧಿ (ಅಸಲು ಮುಟ್ಟದೆ ಬಡ್ಡಿ ಮಾತ್ರ ಬಳಸುವ ಹಣ) ವಿಷಯ. ಮಿಲ್ಲಿನವರಲ್ಲಿ ಒಬ್ಬರು ಬಡ್ಡಿಯಲ್ಲಿ ನಡೆಸಿ ಅಂದರೆ, "ಇದು ಮೂಲನಿಧಿಗೆ" ಅಂತ ಬರವಣಿಗೆಯಲ್ಲಿ ತಗೊಳ್ಳಿ. ಆ ಪತ್ರ ಇಲ್ಲದಿದ್ದರೆ ಅದು ಮಾಮೂಲಿ ದಾನ, ವರ್ಷದ ಆದಾಯದ ಶೇ 85 ಖರ್ಚು ಮಾಡಬೇಕಾದ ನಿಯಮದೊಳಗೆ ಬರುತ್ತೆ. ಪತ್ರ ಇದ್ದರೂ ಹಣವನ್ನು ಬೇರೆಯಾಗಿ, ಕಾನೂನು ಒಪ್ಪಿದ ಠೇವಣಿಯಲ್ಲೇ ಇಡಬೇಕು, ಯಾರಿಗೂ ಕೈಗಡ ಕೊಡಂಗಿಲ್ಲ. ಸಾಮಾನ್ಯ ದಾನದಿಂದ ಆರು ತಿಂಗಳ ಪಗಾರ ಉಳಿಸಿಡೋದಿದ್ದರೆ ಶೇ 15ರ ಉಳಿಕೆಯಿಂದಲೇ ವರ್ಷ ವರ್ಷ ಕೂಡಿಸಿ. ಇದು ಬೇಕೇ ಬೇಕು. ತುಂಗಭದ್ರಾ ಕಾಲುವೆಗೆ ಎರಡನೇ ಬೆಳೆಯ ನೀರು ಬರದ ವರ್ಷ ಮಿಲ್ಲಿನ ದಾನವೂ ಇಳಿಯುತ್ತೆ, ಮಕ್ಕಳ ಸಂಖ್ಯೆ ಇಳಿಯಲ್ಲ.

ಖರ್ಚಿನ ಕಡೆ: ಒಬ್ಬರಿಗೆ ಒಂದೇ ದಿನ ₹10,000 ಮೀರಿ ನಗದು ಕೊಟ್ಟರೆ ಆ ಖರ್ಚು ಲೆಕ್ಕಕ್ಕೆ ಹಿಡಿಯಲ್ಲ. ಪಗಾರ ಖಾತೆಗೇ ಹಾಕಿ. ಶಿಕ್ಷಕಿಯ ಪಾಸ್‌ಬುಕ್ಕಿನಲ್ಲಿ ಕಾಣುವ ಪಗಾರವೇ ನಾಳೆ ಕಂಪನಿಯವರು ಬಂದಾಗ ನಿಮಗೆ ಸಾಕ್ಷಿ. ಮತ್ತೆ 12ಎಬಿ, 80ಜಿ ಪ್ರಮಾಣಪತ್ರಗಳು ಶಾಶ್ವತ ಅಲ್ಲ. ಎರಡರ ಕೊನೆಯ ದಿನಾಂಕವೂ ಬೇರೆ ಬೇರೆ ಇರಬಹುದು. ನಿಮ್ಮದು ತಾತ್ಕಾಲಿಕ ನೋಂದಣಿಯಾಗಿದ್ದರೆ ಅದು ಮೂರು ವರ್ಷದ್ದು. ನಾಲ್ಕು ವರ್ಷ ಆಗಿದೆ ಅಂತೀರಿ, ನಿಯಮಿತ ನೋಂದಣಿ ಮಾಡಿಸಿದ್ದೀರಾ ಅಂತ ಇವತ್ತೇ ಫೈಲ್ ತೆಗೆದು ನೋಡಿ.

ಗಣಿ ಧೂಳು, ಸಂಡೂರು

ಸಿಎಸ್‌ಆರ್ ಹಣದಲ್ಲಿ ಪಗಾರ ಕೇಳಂಗಿಲ್ಲ ಅನ್ನೋದು ತಪ್ಪು ತಿಳಿವಳಿಕೆ. ಅದು ಎಲ್ಲಿಂದ ಬಂತು ಅಂತಲೂ ಹೇಳ್ತೀನಿ. ಆಡಳಿತ ವೆಚ್ಚ ಶೇ 5 ಮೀರಬಾರದು ಅನ್ನೋ ನಿಯಮ ಇದೆ. ಆದರೆ ಅದು ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಖರ್ಚಿಗೆ. ನಿಮ್ಮ ಕೇಂದ್ರದಲ್ಲಿ ಮಕ್ಕಳಿಗೆ ಕಲಿಸುವ ಶಿಕ್ಷಕಿಯ ಪಗಾರ ಯೋಜನೆಯ ವೆಚ್ಚ. ಕಂಪನಿ ಕಾಯ್ದೆ 2013ರ ಏಳನೇ ಅನುಸೂಚಿಯಲ್ಲಿ (ಸಿಎಸ್‌ಆರ್ ಹಣ ಬಳಸಬಹುದಾದ ಕೆಲಸಗಳ ಪಟ್ಟಿ) ವಿಶೇಷ ಶಿಕ್ಷಣ ಅನ್ನೋ ಪದವೇ ಇದೆ. ಶಿಕ್ಷಕಿ ಇಲ್ಲದೆ ವಿಶೇಷ ಶಿಕ್ಷಣ ನಡೆಯೋದು ಹೇಗೆ? ಪ್ರಸ್ತಾವನೆಯಲ್ಲಿ "ಸಿಬ್ಬಂದಿ ವೆಚ್ಚ" ಅಂತ ಬರೆಯಬೇಡಿ. "ತರಬೇತಿ ಪಡೆದ ಶಿಕ್ಷಕಿಯಿಂದ 24 ಮಕ್ಕಳಿಗೆ ವರ್ಷಕ್ಕೆ ಇಷ್ಟು ದಿನ, ದಿನಕ್ಕೆ ಇಷ್ಟು ಗಂಟೆ ಕಲಿಕೆ" ಅಂತ ಬರೆದು ಮುಂದೆ ಮೊತ್ತ ಹಾಕಿ. ಸುಳ್ಳು ಹೇಳಿದಂತಲ್ಲ, ಹಣ ಯಾವುದಕ್ಕೆ ಹೋಗುತ್ತೆ ಅನ್ನೋದು ಇದರಲ್ಲೇ ಹೆಚ್ಚು ಸ್ಪಷ್ಟ.

ಮೊದಲು ಸಿಎಸ್‌ಆರ್-1. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ, ಇದಿಲ್ಲದ ಸಂಸ್ಥೆಗೆ ಕಂಪನಿ ಹಣ ಕೊಡಲು ಬರಲ್ಲ. ಬೇಕಾದ್ದು ಸಂಘದ ಪ್ಯಾನ್, ನೋಂದಣಿ ಪ್ರಮಾಣಪತ್ರ, 12ಎಬಿ, 80ಜಿ, ಅಧ್ಯಕ್ಷರ ಅಥವಾ ಕಾರ್ಯದರ್ಶಿಯ ಡಿಜಿಟಲ್ ಸಹಿ, ಮೇಲೆ ಚಾರ್ಟರ್ಡ್ ಅಕೌಂಟೆಂಟ್ ಅಥವಾ ಕಂಪನಿ ಸೆಕ್ರೆಟರಿಯ ದೃಢೀಕರಣ. ಇದೇ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಬೇಕು, ನಿಮಗೆ ನಾಲ್ಕಾಗಿದೆ. ಹೆಸರಿನಲ್ಲಿ ಕೂಡ ಎಡವುತ್ತಾರೆ. ಪ್ಯಾನ್‌ನಲ್ಲಿ ಒಂದು ಕಾಗುಣಿತ, ಸೊಸೈಟಿ ಪತ್ರದಲ್ಲಿ ಇನ್ನೊಂದು. ಕನ್ನಡ ಹೆಸರನ್ನು ಇಂಗ್ಲಿಷಿಗೆ ಬರೆಯುವಾಗ ಆಗೋ ವ್ಯತ್ಯಾಸ ಇದು. ಮೊದಲು ಅದನ್ನು ಒಂದೇ ಮಾಡಿ, ಆಮೇಲೆ ಅರ್ಜಿ.

ಯಾರ ಬಳಿ ಹೋಗೋದು? ಕಾಯ್ದೆಯೇ ಕಂಪನಿ ಇರುವ ಸುತ್ತಮುತ್ತಲಿಗೆ ಆದ್ಯತೆ ಕೊಡಿ ಅನ್ನುತ್ತೆ. ಹಾಗಾಗಿ ಗಂಗಾವತಿಯವರು ಮೊದಲು ತಟ್ಟಬೇಕಾದ ಬಾಗಿಲು ಕೊಪ್ಪಳ ಜಿಲ್ಲೆಯದ್ದೇ: ಗಿಣಿಗೇರಾ, ಬೇವಿನಹಳ್ಳಿ ಭಾಗದ ಉಕ್ಕು, ಕಬ್ಬಿಣದ ಕಾರ್ಖಾನೆಗಳು. ತೋರಣಗಲ್ಲಿನ ಜೆಎಸ್‌ಡಬ್ಲ್ಯೂ, ದೋಣಿಮಲೈನ ಎನ್‌ಎಂಡಿಸಿ ಬಳ್ಳಾರಿ ಜಿಲ್ಲೆ. ರಾಯಚೂರಿನವರಿಗೆ ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಹತ್ತಿರ. ಪ್ರಸ್ತಾವನೆಯಲ್ಲಿ ಮಕ್ಕಳು ಯಾವ ಯಾವ ಹಳ್ಳಿಯಿಂದ ಬರುತ್ತಾರೆ, ಆ ಹಳ್ಳಿ ಕಾರ್ಖಾನೆಯಿಂದ ಎಷ್ಟು ದೂರ ಅಂತ ಒಂದು ಕೋಷ್ಟಕ ಹಾಕಿ. ಮಗುವಿನ ಹೆಸರು ಬೇಡ, ಹಳ್ಳಿ ಮತ್ತು ಸಂಖ್ಯೆ ಸಾಕು.

ಸಮಯ ಮುಖ್ಯ. ಕಂಪನಿಗಳು ವರ್ಷದ ಯೋಜನೆ ಗಟ್ಟಿ ಮಾಡೋದು ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್ ಒಳಗೆ, ಆದ್ದರಿಂದ ಪ್ರಸ್ತಾವನೆ ಜನವರಿ, ಫೆಬ್ರವರಿಯಲ್ಲೇ ಅವರ ಕೈಯಲ್ಲಿರಲಿ. ಮಾರ್ಚ್‌ನಲ್ಲಿ ಉಳಿಕೆ ಹಣ ಇದೆ, ಹದಿನೈದು ದಿನದಲ್ಲಿ ಖರ್ಚು ತೋರಿಸಿ ಅಂತ ಯಾರಾದರೂ ಬಂದರೆ ಸಾಮಾನು ಖರೀದಿಗೆ ಮಾತ್ರ ಒಪ್ಪಿ. ಪಗಾರದ ಹಣವನ್ನು ಹದಿನೈದು ದಿನದಲ್ಲಿ ಖರ್ಚು ಮಾಡಲು ಬರಲ್ಲ. ಒಳ್ಳೇ ದಾರಿ "ಮುಂದುವರಿಯುವ ಯೋಜನೆ" ಅಂತ ಕೇಳೋದು. ಆರಂಭದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ನಡೆಸಲು ನಿಯಮದಲ್ಲಿ ಅವಕಾಶ ಇದೆ, ಆ ವರ್ಷ ಖರ್ಚಾಗದೆ ಉಳಿದ ಹಣವನ್ನು ಕಂಪನಿ ಪ್ರತ್ಯೇಕ ಖಾತೆಯಲ್ಲಿ ಇಟ್ಟುಕೊಳ್ಳಬಹುದು.

ಪ್ರಸ್ತಾವನೆ ನಾಲ್ಕು ಪುಟ ಸಾಕು. ಅದರಲ್ಲಿ ಅಳೆಯಬಹುದಾದ ಗುರಿ ಇರಲಿ. "ಮಕ್ಕಳ ಸರ್ವಾಂಗೀಣ ಅಭಿವೃದ್ಧಿ" ಅಂತ ಬರೆದರೆ ಓದೋರಿಗೆ ಏನೂ ತಿಳಿಯಲ್ಲ. "ಆರು ತಿಂಗಳಲ್ಲಿ 8 ಮಕ್ಕಳು ಶೌಚಕ್ಕೆ ಸನ್ನೆ ಅಥವಾ ಕಾರ್ಡು ತೋರಿಸಿ ಕೇಳುವುದು, ವರ್ಷದೊಳಗೆ 3 ಮಕ್ಕಳು ಸಾಮಾನ್ಯ ಅಂಗನವಾಡಿ ಅಥವಾ ಶಾಲೆಯಲ್ಲಿ ಅರ್ಧ ದಿನ ಕೂರುವುದು" ಅಂದರೆ ತಿಳಿಯುತ್ತೆ. ಮಗು ಮಾತಾಡಿಬಿಡುತ್ತೆ, ಗುಣ ಆಗುತ್ತೆ ಅಂತ ಮಾತ್ರ ಎಲ್ಲೂ ಬರೆಯಬೇಡಿ. ಆಟಿಸಂ ಗುಣವಾಗುವ ಕಾಯಿಲೆ ಅಲ್ಲ, ಮರುವರ್ಷ ಆ ಮಾತಿಗೆ ನೀವೇ ಉತ್ತರ ಕೊಡಬೇಕಾಗುತ್ತೆ.

ಏಪ್ರಿಲ್ 2 ಆಟಿಸಂ ಜಾಗೃತಿ ದಿನ. ಕಂಪನಿಗಳು ಆ ದಿನ ಬ್ಯಾನರ್, ಜಾಥಾ ಮಾಡೋಣ ಅಂತ ಬರುತ್ತವೆ. ಆ ಜಾಥಾದ ಖರ್ಚಿನಲ್ಲಿ ಇಡೀ ವರ್ಷದ ಚಿತ್ರಪಟ, ಗಾದಿ, ಕಿವಿಮುಚ್ಚುಗೆ ಬರುತ್ತೆ ಅಂತ ಲೆಕ್ಕ ತೋರಿಸಿ ಕೇಳಿ, ಹೆಚ್ಚಿನವರು ಒಪ್ಪುತ್ತಾರೆ.

ಇನ್ನೊಂದು ಮೂಲ ಜಿಲ್ಲಾ ಖನಿಜ ಪ್ರತಿಷ್ಠಾನ. ಇದು ದಾನ ಅಲ್ಲ, ಗಣಿ ಬಾಧಿತ ಪ್ರದೇಶದ ಜನರ ಹಕ್ಕಿನ ಹಣ. 2015ರಿಂದ ಇದೆ. ಇದರ ಮಾರ್ಗಸೂಚಿಯಲ್ಲಿ ವೃದ್ಧರು ಮತ್ತು ಅಂಗವಿಕಲರ ಕಲ್ಯಾಣ ಹೆಚ್ಚಿನ ಆದ್ಯತೆಯ ಪಟ್ಟಿಯಲ್ಲೇ ಇದೆ. ಆದರೂ ಹಣ ರಸ್ತೆ, ಕಟ್ಟಡಗಳ ಕಡೆಗೇ ವಾಲುತ್ತೆ, ಯಾಕಂದರೆ ಈ ಮಕ್ಕಳ ಪರವಾಗಿ ಬರೆದು ಕೊಟ್ಟ ಬೇಡಿಕೆ ಸಮಿತಿಯ ಮುಂದೆ ಬರೋದೇ ಅಪರೂಪ. ಸಂಡೂರು ತಾಲ್ಲೂಕಿನಂಥ ಕಡೆಯ ಕೇಂದ್ರಗಳು ಗ್ರಾಮಸಭೆಯ ಠರಾವು ಮಾಡಿಸಿ, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಮೂಲಕ ಜಿಲ್ಲಾಧಿಕಾರಿಗೆ ಕೊಡಬೇಕು. ಸಂಘ ನೇರವಾಗಿ ಕೇಳೋದಕ್ಕಿಂತ ಇಲಾಖೆಯ ಪ್ರಸ್ತಾವನೆಯೊಳಗೆ ಸೇರೋದು ಗಟ್ಟಿ. ಗಂಗಾವತಿಗೆ ಇದು ಅಷ್ಟು ಸುಲಭ ಅಲ್ಲ. ನಿಮಗೆ ರಾಜ್ಯ ಸರ್ಕಾರದ ಶಿಶು ಕೇಂದ್ರೀಕೃತ ಅನುದಾನ, ಕೇಂದ್ರದ ದೀನದಯಾಳ್ ಪುನರ್ವಸತಿ ಯೋಜನೆ ಎರಡೂ ಹೊಂದುತ್ತವೆ. ಅದಕ್ಕೆ ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಅಡಿಯ ಸಂಸ್ಥೆ ನೋಂದಣಿ, ದರ್ಪಣ್ (ಸ್ವಯಂಸೇವಾ ಸಂಸ್ಥೆಗಳಿಗೆ ಕೇಂದ್ರ ಸರ್ಕಾರದ ಪೋರ್ಟಲ್) ಸಂಖ್ಯೆ ಮೊದಲು ಮಾಡಿಸಿ. ಅನುದಾನ ಮಂಜೂರಾದರೂ ಹಣ ಕೈಗೆ ಬರೋದು ತಡ, ಮೇಲಿನವರು ಹೇಳಿದ ಆರು ತಿಂಗಳ ಉಳಿಕೆ ಇದ್ದರೆ ಮಾತ್ರ ತಡೆದುಕೊಳ್ಳಬಹುದು.

ಜ್ವಾಳದ ಹೊಲ, ಸಿಂಧನೂರು

ಎಲ್ಲಾರೂ ಸಂಘದ ರೊಕ್ಕದ ಬಗ್ಗೆ ಹೇಳಿದ್ರಿ, ಮನಿಮಂದಿ ಕಡೀದು ನಾ ಹೇಳ್ತೀನ್ರಿ. ದಾನ ಕೇಳೂಕಿಂತ ಮೊದಲ, ಆ 24 ಮಕ್ಕಳಿಗೆ ಹಕ್ಕಿಲೆ ಬರೂದು ಬಂದೈತೇನು ನೋಡ್ರಿ.

ಮೊದಲನೇದು ಯುಡಿಐಡಿ ಕಾರ್ಡು, ಅಂದ್ರ ಅಂಗವಿಕಲರ ಗುರುತಿನ ಚೀಟಿ. ಅದಿಲ್ಲಂದ್ರ ಮುಂದಿಂದು ಯಾವುದೂ ಇಲ್ಲ. ಆಟಿಸಂಗೆ ಐಎಸ್‌ಎಎ ಅನ್ನೂ ಅಳತಿ ಹಚ್ಚತಾರ, 40 ಪ್ರಶ್ನಿ ಇರ್ತಾವ, 70 ಅಂಕ ಮುಟ್ಟಿದ್ರ ಆಟಿಸಂ ಅಂತ ಹಿಡೀತಾರ. ಒಂದ ದಿನದಾಗ ಐದ ನಿಮಿಷ ನೋಡಿ ಬರಿಯೂದಲ್ಲ ಅದು. ಡಾಕ್ಟರ ಮುಂದ ಕೂಸು ಸುಮ್ಮನ ಕುಂತಿದ್ರ "ಏನೂ ಇಲ್ಲ" ಅಂತ ಕಳಿಸೂದೂ ಉಂಟು. ಅದಕ್ಕ ಮನ್ಯಾಗ ಕೂಸು ಹೆಂಗಿರ್ತೈತಿ, ಹೆಸರ ಕರದ್ರ ತಿರಗತೈತೋ ಇಲ್ಲೋ, ಹೆಂಗ ಉಣ್ಣತೈತಿ, ಹೆಂಗ ಮಲಗತೈತಿ ಅನ್ನೂದರ ನಾಕೈದು ಸಣ್ಣ ವಿಡಿಯೋ ಫೋನಿನ್ಯಾಗ ಇಟಗೊಂಡು ಹೋಗ್ರಿ. ಶಿಕ್ಷಕಿ ಬರದ ವರದಿನೂ ಒಂದ ಪುಟ ಒಯ್ಯರಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಅದಾವ. ಇನ್ನೂ ಬೇಕಂದ್ರ ದಾವಣಗೆರಿ ಸಿಆರ್‌ಸಿ (ಪುನರ್ವಸತಿ ಕೇಂದ್ರ), ಮೈಸೂರಿನ ಐಶ್ (ವಾಕ್ ಶ್ರವಣ ಸಂಸ್ಥೆ), ರಾಯಚೂರಿನವರಿಗೆ ರೈಲಿನ್ಯಾಗ ಸಿಕಂದರಾಬಾದಿನ ಎನ್‌ಐಇಪಿಐಡಿ (ಬೌದ್ಧಿಕ ಅಸಾಮರ್ಥ್ಯದ ರಾಷ್ಟ್ರೀಯ ಸಂಸ್ಥೆ) ಹತ್ತಿರ. ಸಣ್ಣ ಕೂಸಿಗೆ ಕೊಡೂ ಸರ್ಟಿಫಿಕೇಟು ತಾತ್ಕಾಲಿಕ ಇರ್ತೈತಿ, ಮುಗಿಯೂ ತಾರೀಖು ಕ್ಯಾಲೆಂಡರಿನ್ಯಾಗ ಬರದಿಡ್ರಿ.

ಎರಡನೇದು ನಿರಾಮಯ ವಿಮೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿಂದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ವೈಕಲ್ಯ ಈ ನಾಕಕ್ಕ. ವರ್ಷಕ್ಕ ₹1 ಲಕ್ಷದ ತನಕ. ಬಿಪಿಎಲ್ ಮನಿಗೆ ಮೊದಲ ಸಲ ₹250, ಆಮ್ಯಾಲ ವರ್ಷಕ್ಕ ₹50. ಎಪಿಎಲ್‌ಗೆ ₹500, ಆಮ್ಯಾಲ ₹250. ದವಾಖಾನಿಗೆ ಅಡ್ಮಿಟ್ ಆಗದ ಥೆರಪಿಗೂ ಇದರೊಳಗ ಒಂದ ಮಿತಿ ತನಕ ರೊಕ್ಕ ಬರ್ತೈತಿ. ಇದು ಭಾಳ ಮಂದಿಗೆ ಗೊತ್ತಿಲ್ಲ. ಆದ್ರ ಮೊದಲ ನೀವು ಕೊಟ್ಟು ಆಮ್ಯಾಲ ಬಿಲ್ ಹಾಕಬೇಕು. ಎಲ್ಲಿ ಕೆಡತೈತಿ ಅಂದ್ರ, ಥೆರಪಿಸ್ಟ್ ಬಿಳಿ ಹಾಳಿ ಮ್ಯಾಲ ಬರದ ಕೊಟ್ಟ ಚೀಟಿ ನಡಿಯಂಗಿಲ್ಲ. ನಂಬರ ಇರೂ ಬಿಲ್, ಸಹಿ, ನೋಂದಣಿ ಸಂಖ್ಯಾ, ಡಾಕ್ಟರ ಬರದ ಚೀಟಿ ಬೇಕು, ಮೂಲ ಪ್ರತಿನ ಬೇಕು. 30 ದಿನದಾಗ ಕಳಸಬೇಕು. ವಿಮಾ ವರ್ಷ ಮಾರ್ಚ್ 31ಕ್ಕ ಮುಗೀತೈತಿ, ನವೀಕರಣ ಮರೀಬ್ಯಾಡ್ರಿ. 24 ಮಕ್ಕಳದೂ ಕೇಂದ್ರದಾಗ ಕುಂತು ಒಂದ ದಿನ ಮಾಡಿಸಿಬಿಡ್ರಿ, ಎಲ್ಲಾರೂ ಬಿಪಿಎಲ್ ಅಂತ ಹಿಡದ್ರ ₹6,000. ಮಿಲ್ಲಿನವರ ಆರು ಲಕ್ಷದಾಗ ಮೊದಲ ಇದನ್ನ ತಗೀರಿ.

ಮಾಸಾಶನಕ್ಕ ನಾಡಕಚೇರಿ. ಹಳ್ಳ್ಯಾಗ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರ, ಅರ್ಜಿ ತುಂಬೂದು ಅವರ ಕೆಲಸ, ಪಂಚಾಯ್ತಿಗೆ ಹೋಗಿ ಅವರನ್ನ ಕೇಳ್ರಿ.

ಫೋಟೋ ಮತ್ತ ಹುಟ್ಟಿದ ಹಬ್ಬದ ಊಟ. ದಾನ ಕೊಡವರು ಮಕ್ಕಳ ಜೋಡಿ ಕೇಕ್ ಕತ್ತರಸ್ತೀವಿ ಅಂತ ಬರ್ತಾರ. ಹಾಡು, ಚಪ್ಪಾಳಿ, ಬಲೂನ್ ಒಡಿಯೂ ಸಪ್ಪಳಕ್ಕ ಆಟಿಸಂ ಇರೂ ಕೂಸು ಕಿವಿ ಮುಚಗೊಂಡು ಮೂಲ್ಯಾಗ ಕುಂದರತೈತಿ, ಮರದಿನದ ತನಕ ಸರಿ ಆಗಂಗಿಲ್ಲ. ಕಲಿಸಿದ್ದು ವಾರ ಹಿಂದ ಹೋಗ್ತೈತಿ. ಪ್ರೀತಿಲೆ ಬರ್ತಾರ, ಬ್ಯಾಡ ಅನ್ನಾಕ ಬಾಯಿ ಬರಂಗಿಲ್ಲ, ಖರೆ. ಅದಕ್ಕ ಮೊದಲ ಒಂದ ಪುಟ ನಿಯಮ ಅಚ್ಚ ಹಾಕಿಸಿ ಕೊಡ್ರಿ: ಒಂದ ಸಲಕ್ಕ ಇಬ್ಬರ, ಅರ್ಧ ತಾಸು, ಬಲೂನ್ ಮೇಣಬತ್ತಿ ಇಲ್ಲ, ಮಕ್ಕಳ ಮಾರಿ ಕಾಣೂ ಫೋಟೋ ಇಲ್ಲ. ಮಕ್ಕಳ ಕೈ ಮಾಡೂ ಕೆಲಸದ ಫೋಟೋ ತೆಗೀಬಹುದು, ಅದೂ ತಾಯಿ ತಂದಿ ಸಹಿ ಮಾಡಿ ಒಪ್ಪಿದ್ರ. ಇವತ್ತ ಹಾಕಿದ ಫೋಟೋ ಆ ಕೂಸು ದೊಡ್ಡದಾದ ಮ್ಯಾಲೂ ಇಂಟರ್ನೆಟ್ಟಿನ್ಯಾಗ ಇರ್ತೈತಿ.

ಕಡೀಕ ಒಂದು, ಇದನ್ನ ದಪ್ಪ ಅಕ್ಷರದಾಗ ಓದಕೊಳ್ರಿ. ಸ್ಟೆಮ್ ಸೆಲ್ ಹಾಕಿಸಿ ಆಟಿಸಂ ತಗೀತೀವಿ ಅಂತ ಲಕ್ಷಗಟ್ಟಲೆ ಕೇಳವರು ಅದಾರ, ಅದಕ್ಕ ಆನ್‌ಲೈನಿನ್ಯಾಗ ಚಂದಾ ಎತ್ತವರೂ ಅದಾರ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಆಟಿಸಂಗೆ ಅದು ಒಪ್ಪಿದ ಚಿಕಿತ್ಸಾ ಅಲ್ಲ, ಪ್ರಯೋಗದಾಗ ಮಾತ್ರ ಮಾಡಬಹುದು, ಪ್ರಯೋಗಕ್ಕ ಮನಿಯವರ ಕಡೆ ರೊಕ್ಕ ತಗೊಳ್ಳಂಗಿಲ್ಲ. ಹೊಲ ಮಾರಿ ಕೊಡಬ್ಯಾಡ್ರಿ, ಅದಕ್ಕಂತ ದಾನ ಕೇಳಿದ್ರ ಸಂಘದ ಹೆಸರ ಕೊಡಬ್ಯಾಡ್ರಿ.

ಕಾಲುವೆ ದಂಡೆ, ಗಂಗಾವತಿ

ಎಲ್ಲರಿಗೂ ಕೈಮುಗಿದೆ. ಫೈಲ್ ತೆಗೆದು ನೋಡಿದೆ, 12ಎಬಿ ನಿಯಮಿತ ನೋಂದಣಿ ಆಗಿದೆ, 80ಜಿ ಮಾತ್ರ ಮುಂದಿನ ವರ್ಷಕ್ಕೆ ಮುಗಿಯುತ್ತೆ. ಇನ್ನೆರಡು ಕೇಳೋದಿತ್ತು. ಒಬ್ಬ ದಾನಿ ಗೋಡೆ ಮೇಲೆ ಹೆಸರಿನ ಕಲ್ಲು ಬೇಕು ಅಂತಾರೆ. ಪಗಾರಕ್ಕೆ ಕೊಟ್ಟರೆ ಕಲ್ಲು ಎಲ್ಲಿ ಹಾಕೋದು? ಮತ್ತೆ ಒಬ್ಬರ ಮಗ ಅಮೆರಿಕದಲ್ಲಿದ್ದಾರೆ, ಅವರೂ ಹಣ ಕಳಿಸ್ತೀನಿ ಅಂತಿದ್ದಾರೆ, ತಗೋಬಹುದಾ?

ಖಾತೆ ಪುಸ್ತಕ, ರಾಯಚೂರು

ಮಗ ಈಗಲೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ತನ್ನ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ, ತಗೋಬಹುದು. ಪಾಸ್‌ಪೋರ್ಟಿನ ಪ್ರತಿ ಫೈಲಿನಲ್ಲಿಡಿ. ಅಮೆರಿಕದ ಪೌರತ್ವ ತಗೊಂಡಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಸರಿ, ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಒಂದು ರೂಪಾಯಿಯೂ ಮುಟ್ಟಬೇಡಿ. ಅವರ ಅಪ್ಪನ ಖಾತೆಗೆ ಹಾಕಿ ಅಲ್ಲಿಂದ ಸಂಘಕ್ಕೆ ದಾಟಿಸೋ ಉಪಾಯವನ್ನೂ ಮಾಡಬೇಡಿ, ಅದೂ ಅದೇ ತಪ್ಪು. 80ಜಿ ನವೀಕರಣಕ್ಕೆ ಮುಗಿಯೋ ದಿನಕ್ಕಿಂತ ಕನಿಷ್ಠ ಆರು ತಿಂಗಳು ಮೊದಲೇ ಅರ್ಜಿ ಹೋಗಬೇಕು.

ಚಿತ್ರಪಟ, ಬಳ್ಳಾರಿ

ಕಲ್ಲು ಹಾಕಿ, ಅದರಲ್ಲೇನು ತಪ್ಪು? ತರಗತಿಯ ಬಾಗಿಲ ಪಕ್ಕ ಒಂದಡಿ ಚೌಕದ ಗ್ರಾನೈಟ್ ತುಂಡು ಸಾಕು. ಮೇಲೆ ಹೀಗೆ ಕೆತ್ತಿಸಿ: "ಈ ತರಗತಿಯ ಶಿಕ್ಷಕಿಯ ಎರಡು ವರ್ಷದ ಪಗಾರ ಇವರಿಂದ", ಕೆಳಗೆ ಫರ್ಮಿನ ಹೆಸರು, ವರ್ಷ. ಹಣ ಒಟ್ಟಿಗೆ ಕೊಡಲು ಆಗದಿದ್ದರೆ ಮೂರು ಫರ್ಮಿಗೂ ಸ್ಥಾಯಿ ಸೂಚನೆ ಕೇಳಿ, ಪ್ರತಿ ತಿಂಗಳು 1ನೇ ತಾರೀಖು ಬ್ಯಾಂಕಿನಿಂದ ತಾನಾಗೇ ಸಂಘದ ಖಾತೆಗೆ ಬರಲಿ. ಮೂವರು ತಲಾ ₹12,000 ಹಾಕಿದರೆ ₹36,000, ನಿಮಗೆ ಕೊರತೆ ಇರುವ ಇಬ್ಬರು ಶಿಕ್ಷಕಿಯರ ಪಗಾರ ಸರಿಯಾಗಿ ಅಷ್ಟೇ. ಶಿಕ್ಷಕಿಯರ ನೇಮಕ ಪತ್ರವನ್ನು ಮೊದಲ ಕಂತು ಖಾತೆಗೆ ಬಂದ ಮೇಲೆ ಕೊಡಿ.